ಮೈಸೂರು ಝೂ ಗೊತ್ತು, ತಾಳಮಲೆ ಕಾಡು ಗೊತ್ತಿಲ್ಲ!

ಅರೆವಾರ್ಷಿಕ ಪರೀಕ್ಷೆ ಹತ್ತಿರ ಬಂತೆಂದರೆ ನಮ್ಮ ಸ್ಟಾಫ್ ರೂಮಿನಲ್ಲಿ ಒಂದೇ ಮಾತು: ಈ ಸಲ ಟೂರು ಎಲ್ಲಿಗೆ? ಉತ್ತರವೂ ಪ್ರತಿ ವರ್ಷ ಒಂದೇ. ಮೈಸೂರು ಅರಮನೆ, ಝೂ, ಚಾಮುಂಡಿ ಬೆಟ್ಟ, ಸಂಜೆಗೆ ಕೆ.ಆರ್.ಎಸ್. ಅದು ಬೇಜಾರಾದ ವರ್ಷ ಊಟಿ. ಬೆಳಗಿನ ಜಾವ ಬಸ್ಸು ಹತ್ತಿ, ದಾರಿಯುದ್ದಕ್ಕೂ ವಾಂತಿ ಮಾಡುವ ಮಕ್ಕಳಿಗೆ ನಿಂಬೆಹಣ್ಣು ಮೂಸಿಸಿಕೊಂಡು, ಹೋದ ಹೋದ ಕಡೆ ತಲೆ ಎಣಿಸಿಕೊಂಡು, ರಾತ್ರಿ ಹನ್ನೊಂದಕ್ಕೆ ಊರು ಸೇರುವುದು. ಇದಕ್ಕೆ ‘ಶೈಕ್ಷಣಿಕ ಪ್ರವಾಸ’ ಅಂತ ಹೆಸರು!

ಈ ಸಲ ನಾವು ಒಂದಿಬ್ಬರು ಶಿಕ್ಷಕರು ಬೇರೆ ಮಾತು ಎತ್ತಿದೆವು. ದೊಡ್ಡ ಬಸ್ಸು ಬೇಡ, ಟಿಕೆಟ್ಟು ಬೇಡ. ನಮ್ಮದೇ ತಾಳಮಲೆಯ ಕಾಡಂಚಿನಲ್ಲಿ, ಅರಣ್ಯ ಇಲಾಖೆಯ ಅನುಮತಿ ಪಡೆದು, ಮಕ್ಕಳನ್ನು ಎರಡು ಕಿಲೋಮೀಟರು ನಡೆಸಿಕೊಂಡು ಬರೋಣ. ಅಷ್ಟೇ. ಒಂದು ಗಳಿಗೆ ಯಾರೂ ಮಾತಾಡಲಿಲ್ಲ. ಆಮೇಲೆ ಎಲ್ಲರೂ ನಕ್ಕರು. “ಅಲ್ಲಾ ಸಾರ್, ಕಾಡು ನೋಡೋಕೆ ಟೂರ್ ಬೇಕಾ? ದಿನಾ ನೋಡ್ತಾನೇ ಇದ್ದೀವಲ್ಲ!”

ನಕ್ಕವರ ಮೇಲೆ ನಮಗೆ ಕೋಪವಿಲ್ಲ. ಅವರೂ ನಮ್ಮವರೇ. ಆದರೆ ಆ ನಗುವಿಗೆ ಉತ್ತರ ಕೊಡದೆ ಸುಮ್ಮನಿರಲು ಆಗುತ್ತಿಲ್ಲ. ಅದಕ್ಕೇ ಈ ಬರಹ.

ದಿನಾ ನೋಡುತ್ತೇವೆ, ನಿಜ. ನೋಡಿ ಏನು ಕಲಿತಿದ್ದೇವೆ? ಮೊನ್ನೆ ಒಂಬತ್ತನೇ ತರಗತಿಗೆ ಒಂದು ಸಣ್ಣ ಕೆಲಸ ಕೊಟ್ಟೆವು. ‘ನಿಮ್ಮ ಊರಿನ ಸುತ್ತಲಿನ ಹತ್ತು ಕಾಡುಮರಗಳ ಹೆಸರು ಬರೆಯಿರಿ.’ ಮಾವು, ತೆಂಗು, ಹಲಸು, ಬೇವು, ಹುಣಸೆ... ಬಹಳ ಮಂದಿಯ ಪೆನ್ನು ಅಲ್ಲಿಗೇ ನಿಂತಿತು. ಒಬ್ಬರು ಗುಲಾಬಿಯನ್ನೂ ಸೇರಿಸಿದ್ದರು! ಕೊನೆಯ ಬೆಂಚಿನ ಒಬ್ಬ ಹುಡುಗ ಮಾತ್ರ ಬರೆಯುತ್ತಲೇ ಇದ್ದ. ತಾಳಮಲೆ ಕಡೆಯ ಊರಾಳಿ ಹಾಡಿಯಿಂದ ಬರುವ ಹುಡುಗ. ದಿಂಡಿಗ, ಮತ್ತಿ, ಹೊನ್ನೆ, ತಾರೆ, ಅಳಲೆ, ಕಗ್ಗಲಿ, ಮುತ್ತುಗ, ಬೂರುಗ, ಕಕ್ಕೆ, ನೆಲ್ಲಿ. ಹತ್ತು ದಾಟಿದ ಮೇಲೆ ಎದ್ದು ನಿಂತು ಕೇಳಿದ, “ಪುಸ್ತಕದಲ್ಲಿ ಇಲ್ದೆ ಇರೋದ ಬರೀಬೋದಾ ಸಾ?”

ಓದುಗರೇ, ಈ ಪ್ರಶ್ನೆ ನಮ್ಮ ಮನಸ್ಸಿಗೆ ಚುಚ್ಚಿತು. ಗಣಿತದಲ್ಲಿ ಫೇಲಾಗುವ, ಇಂಗ್ಲಿಷಿನಲ್ಲಿ ತಲೆ ತಗ್ಗಿಸುವ ಆ ಹುಡುಗನಿಗೆ ತಾನು ಇಡೀ ತರಗತಿಗಿಂತ ಹೆಚ್ಚು ಬಲ್ಲೆ ಎಂಬುದೇ ಗೊತ್ತಿಲ್ಲ. ಗೊತ್ತಾಗುವ ಹಾಗೆ ನಾವು ಒಂದು ದಿನವೂ ಮಾಡಿಲ್ಲ. ಅವನ ವಿದ್ಯೆಯನ್ನು ಪಾಠ ಎಂದು ಒಪ್ಪದ ತರಗತಿಯಲ್ಲಿ ಅವನನ್ನು ಹಿಂದಿನ ಬೆಂಚಿನಲ್ಲಿ ಕೂರಿಸಿ, ಹಲಗೆಯ ಮೇಲೆ ‘ಅರಣ್ಯ ಸಂಪನ್ಮೂಲಗಳು’ ಎಂದು ಬರೆದು ಅಡಿಗೆರೆ ಹಾಕುತ್ತೇವೆ.

ನಾವು ಯಾವ ಕಾಡಿನ ಮಾತಾಡುತ್ತಿದ್ದೇವೆ ಎಂಬುದನ್ನೂ ಸ್ವಲ್ಪ ನೋಡಿ. ಸತ್ಯಮಂಗಲದ ಕಾಡು 2008ರಲ್ಲಿ ವನ್ಯಜೀವಿಧಾಮವಾಯಿತು, 2011ರಲ್ಲಿ ವಿಸ್ತಾರವಾಯಿತು, 2013ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಸುಮಾರು 1,400 ಚದರ ಕಿಲೋಮೀಟರು. ಒಂದು ಕಡೆ ಬಂಡೀಪುರ, ಒಂದು ಕಡೆ ಮುದುಮಲೆ, ಇನ್ನೊಂದು ಕಡೆ ಬಿಳಿಗಿರಿರಂಗನ ಬೆಟ್ಟ. ಆನೆಗೆ ಕರ್ನಾಟಕ, ತಮಿಳುನಾಡು ಎಂಬ ಭೇದವಿಲ್ಲ, ಎಲ್ಲವೂ ಒಂದೇ ಕಾಡು. ತಾಳಮಲೆಯ ತೆಂಕಣ ಅಂಚಿನಿಂದ ಕೆಳಗಿಳಿದರೆ ಮೋಯಾರ್ ಕಣಿವೆ. ಕತ್ತೆಕಿರುಬ, ಕೃಷ್ಣಮೃಗ ಇರುವ ಜಾಗ. ದಕ್ಷಿಣ ಭಾರತದಲ್ಲಿ ರಣಹದ್ದುಗಳು ಇನ್ನೂ ಉಳಿದುಕೊಂಡಿರುವ ಕೆಲವೇ ನೆಲೆಗಳಲ್ಲಿ ಒಂದು. 2010ರಿಂದೀಚೆಗೆ ಹುಲಿಗಳ ಸಂಖ್ಯೆಯನ್ನು ಎರಡರಷ್ಟು ಮಾಡಿದ್ದಕ್ಕೆ 2022ರಲ್ಲಿ ಸತ್ಯಮಂಗಲಕ್ಕೆ ‘ಟಿಎಕ್ಸ್2’ ಎಂಬ ಅಂತರರಾಷ್ಟ್ರೀಯ ಪ್ರಶಸ್ತಿ ಬಂತು. ಅದೇ ಸಲ ಈ ಪ್ರಶಸ್ತಿ ಪಡೆದ ಇನ್ನೊಂದು ಕಾಡು ನೇಪಾಳದ ಬರ್ದಿಯಾ ರಾಷ್ಟ್ರೀಯ ಉದ್ಯಾನ. ನಮ್ಮ ಎಷ್ಟು ಶಾಲೆಗಳ ಪ್ರಾರ್ಥನೆಯಲ್ಲಿ ಆ ದಿನ ಈ ಸುದ್ದಿ ಓದಿದರು? ನಮ್ಮಲ್ಲಂತೂ ಓದಲಿಲ್ಲ. ತಪ್ಪು ನಮ್ಮದೇ.

ಕೋಯಮತ್ತೂರಿನವರು, ಬೆಂಗಳೂರಿನವರು ಶನಿವಾರ ಬಂದರೆ ಹಾಸನೂರಿನ ಕಡೆ ರೂಮು ಸಿಗುವುದಿಲ್ಲ. ಅವರ ಮಕ್ಕಳು ನಮ್ಮ ಕಾಡನ್ನು ನೋಡಲು ಇನ್ನೂರು ಕಿಲೋಮೀಟರು ಬರುತ್ತಾರೆ. ನಮ್ಮ ಮಕ್ಕಳು ಇಲ್ಲಿಂದ ಮೈಸೂರಿಗೆ ಹೋಗಿ, 1892ರಲ್ಲಿ ಶುರುವಾದ ಝೂ ಒಳಗೆ ದುಡ್ಡು ಕೊಟ್ಟು ಹುಲಿ ನೋಡುತ್ತಾರೆ! ಝೂ ಕೆಟ್ಟದ್ದು ಅಂತ ನಾವು ಹೇಳುತ್ತಿಲ್ಲ. ಆದರೆ ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ನಾವು ತರಗತಿಯಲ್ಲಿ ವಿವರಿಸಿ, ಹೊರಗೆ ಬಂದು ಅದರಂತೆಯೇ ನಡೆದುಕೊಳ್ಳುತ್ತಿದ್ದೇವಲ್ಲ, ಅದು ಸರಿಯೇ?

ಇನ್ನು ಆಕ್ಷೇಪಣೆಗಳಿಗೆ ಬರೋಣ.

ಮೊದಲನೆಯದು, ‘ಅಪಾಯ’. ಇದನ್ನು ಹಗುರವಾಗಿ ತಳ್ಳಿಹಾಕುವವರು ನಾವಲ್ಲ. ತಾಳವಾಡಿ ಬೆಟ್ಟದಲ್ಲಿ ಆನೆ ಎಂದರೆ ಏನು ಅಂತ ಹೊರಗಿನವರು ನಮಗೆ ಹೇಳಿಕೊಡಬೇಕಾಗಿಲ್ಲ. ರಾಗಿ, ಜೋಳ, ಕಬ್ಬು, ಬಾಳೆ ಕಳೆದುಕೊಂಡ ಮನೆಗಳ ಮಕ್ಕಳೇ ನಮ್ಮ ತರಗತಿಗಳಲ್ಲಿ ಕೂತಿರುವುದು. ರೈತರ ಜೀವ ತೆಗೆದಿದ್ದ ‘ಕರುಪ್ಪನ್’ ಎಂಬ ಸಲಗವನ್ನು ಕುಮ್ಕಿ ಆನೆಗಳನ್ನು ತಂದು, ಹಲವು ಸಲ ಸೋತು, ಕೊನೆಗೆ 2023ರ ಏಪ್ರಿಲ್‌ನಲ್ಲಿ ಹಿಡಿದು ಸಾಗಿಸಿದ್ದನ್ನು ನಮ್ಮ ಮಕ್ಕಳು ಕಥೆಯ ಹಾಗೆ ಹೇಳುತ್ತಾರೆ. ದಿಂಬಂ ಘಾಟಿಯ 27 ತಿರುವುಗಳಲ್ಲಿ ರಾತ್ರಿ ಸಂಚಾರ ನಿಲ್ಲಿಸಬೇಕೆಂದು ಮದ್ರಾಸ್ ಹೈಕೋರ್ಟು ಹೇಳಿ, 2022ರ ಫೆಬ್ರವರಿಯಿಂದ ಅದು ಜಾರಿಗೆ ಬಂದಾಗ ಎದ್ದ ಗಲಾಟೆಯೂ ಎಲ್ಲರಿಗೂ ನೆನಪಿದೆ.

ಹಾಗಿದ್ದ ಮೇಲೆ ಮಕ್ಕಳನ್ನು ಕಾಡಿಗೆ ಏಕೆ ಒಯ್ಯಬೇಕು ಅಂತ ಕೇಳುತ್ತೀರಿ. ನಾವು ಒಯ್ಯದಿದ್ದರೆ ಅವರು ಹೋಗುವುದಿಲ್ಲವೇ? ದನ ಮೇಯಿಸಲು ಹೋಗುತ್ತಾರೆ, ಸೌದೆಗೆ ಹೋಗುತ್ತಾರೆ, ನೆಲ್ಲಿಕಾಯಿಗೆ ಹೋಗುತ್ತಾರೆ. ಕೆಲವು ಹಾಡಿಗಳ ಮಕ್ಕಳಿಗೆ ಶಾಲೆಗೆ ಬರುವ ದಾರಿಯೇ ಕಾಡು. ಯಾರೂ ಹೇಳಿಕೊಡದೆ, ಕಿವಿಗೆ ಇಯರ್ ಫೋನು ಸಿಕ್ಕಿಸಿಕೊಂಡು, ಮೊಬೈಲು ನೋಡಿಕೊಂಡು ಕಾಡುದಾರಿಯಲ್ಲಿ ನಡೆಯುವ ಹುಡುಗ ಹೆಚ್ಚು ಅಪಾಯದಲ್ಲಿದ್ದಾನೋ, ಲದ್ದಿ ಹಸಿಯೋ ಒಣಗಿದ್ದೋ ಎಂದು ನೋಡಿ ನಿಲ್ಲಲು ಕಲಿತ ಹುಡುಗನೋ? ಯೋಚಿಸಿ ನೋಡಿ. ರಸ್ತೆಯಲ್ಲಿ ಅಪಘಾತವಾಗುತ್ತದೆಂದು ರಸ್ತೆ ದಾಟುವುದನ್ನು ಕಲಿಸದೆ ಇರುತ್ತೇವೆಯೇ?

ಕುರಂಗಣಿಯ ಹೆಸರನ್ನೂ ಕೆಲವರು ಎತ್ತಿದರು. 2018ರ ಮಾರ್ಚ್ 11ರಂದು ತೇಣಿ ಜಿಲ್ಲೆಯ ಕುರಂಗಣಿ ಬೆಟ್ಟದಲ್ಲಿ ಕಾಡ್ಗಿಚ್ಚಿಗೆ ಸಿಕ್ಕಿ 20ಕ್ಕೂ ಹೆಚ್ಚು ಚಾರಣಿಗರು ತೀರಿಕೊಂಡರು. ಅವರಲ್ಲಿ ನಮ್ಮ ಈರೋಡು ಕಡೆಯವರೂ ಇದ್ದರು. ಮರೆಯಬಾರದ ದುರಂತ. ಆದರೆ ಅದರಿಂದ ಕಲಿಯಬೇಕಾದ ಪಾಠ ಯಾವುದು? ಹುಲ್ಲು ಒಣಗಿ ನಿಂತ ಮಾರ್ಚ್ ತಿಂಗಳಲ್ಲಿ, ಕಡಿದಾದ ಇಳಿಜಾರಿನಲ್ಲಿ, ದೊಡ್ಡ ಗುಂಪು ಕಟ್ಟಿಕೊಂಡು ಹೋಗಬಾರದು ಎಂಬುದು. ಕಾಡಿಗೆ ಬೆನ್ನು ಹಾಕಿ ಕೂರಬೇಕು ಎಂಬುದಲ್ಲ. ಸರ್ಕಾರವೂ ಚಾರಣವನ್ನು ಪೂರ್ತಿ ಮುಚ್ಚಿಹಾಕಲಿಲ್ಲ, ಅದೇ ವರ್ಷ ನಿಯಮ ಮಾಡಿತು. 2024ರ ಅಕ್ಟೋಬರ್‌ನಲ್ಲಿ 14 ಜಿಲ್ಲೆಗಳ 40 ದಾರಿಗಳನ್ನು ಸುಲಭ, ಮಧ್ಯಮ, ಕಷ್ಟ ಎಂದು ವಿಂಗಡಿಸಿ, ಸ್ಥಳೀಯ ಮಾರ್ಗದರ್ಶಿಗಳನ್ನು ಇಟ್ಟು ‘ಟ್ರೆಕ್ ತಮಿಳುನಾಡು’ ಶುರು ಮಾಡಿತು.

ಎರಡನೆಯ ಆಕ್ಷೇಪಣೆ, ‘ಕಾನೂನು ಬಿಡುವುದಿಲ್ಲ’. ಇಲ್ಲಿ ಸ್ವಲ್ಪ ತಿಳಿವಳಿಕೆ ಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ವನ್ಯಜೀವಿಧಾಮದ ಒಳಗೆ ಅನುಮತಿ ಇಲ್ಲದೆ ಕಾಲಿಡುವ ಹಾಗಿಲ್ಲ. ಬಂಡೀಪುರದಂಥ ರಾಷ್ಟ್ರೀಯ ಉದ್ಯಾನದಲ್ಲೂ ಅಷ್ಟೇ. ಸಫಾರಿ ವಾಹನದಲ್ಲಿ ಕೂತು ನೋಡಬಹುದು, ಮನಸ್ಸು ಬಂದ ಕಡೆ ಇಳಿದು ನಡೆಯುವಂತಿಲ್ಲ. ಅದು ಸರಿಯೂ ಹೌದು. ಆದರೆ ಅದೇ ಕಾಯ್ದೆ ಅಧ್ಯಯನಕ್ಕೆ, ಛಾಯಾಗ್ರಹಣಕ್ಕೆ, ಪ್ರವಾಸಕ್ಕೆ ಅನುಮತಿ ಕೊಡಬಹುದು ಎಂದೂ ಹೇಳುತ್ತದೆ. ಪ್ರವಾಸಿಗೆ ಸಿಗಬಹುದಾದ ಅನುಮತಿ ಕಾಡಂಚಿನಲ್ಲೇ ಹುಟ್ಟಿದ ಮಗುವಿಗೆ ಸಿಗಬಾರದೇ? ಕೇಳಿದರೆ ತಾನೇ ಇಲ್ಲ ಅನ್ನುವುದು! ನಾವು ಕೇಳಿಯೇ ಇಲ್ಲ. ಝೂ ಟಿಕೆಟ್ಟಿನ ರಿಯಾಯಿತಿಗೆ ಮೂರು ಪತ್ರ ಬರೆಯುವ ನಾವು ರೇಂಜರ್ ಕಚೇರಿಗೆ ಒಂದು ಪತ್ರ ಬರೆಯಲು ಹಿಂದೆ ಮುಂದೆ ನೋಡುತ್ತೇವೆ.

ಇಲ್ಲಿ ಇಲಾಖೆಯವರಿಗೂ ಒಂದು ಮಾತು. ಗಡಿಯ ಆ ಕಡೆ ಕರ್ನಾಟಕ ಅರಣ್ಯ ಇಲಾಖೆ ಶಾಲಾ ಮಕ್ಕಳಿಗಾಗಿ ‘ಚಿಣ್ಣರ ವನ ದರ್ಶನ’ ಮಾಡುತ್ತದೆ. ಅದು ಅಲ್ಲಿಯ ಶಾಲೆಗಳಿಗೆ. ನಾವು ಕನ್ನಡದವರಾದರೂ ಶಾಲೆ ತಮಿಳುನಾಡಿನದು, ಹಾಗಾಗಿ ಅದು ನಮಗಿಲ್ಲ. ಈ ಕಡೆಯ ಚಾರಣ ಯೋಜನೆ ದುಡ್ಡು ಕಟ್ಟಿ ಬುಕ್ ಮಾಡುವವರಿಗೆ. ನಮ್ಮ ಮಕ್ಕಳು ಎರಡಕ್ಕೂ ಸೇರದೆ ಬೇಲಿಯ ಮೇಲೆ ಕೂತಿದ್ದಾರೆ. ಪರಿಸರ ಶಿಕ್ಷಣ ಕಡ್ಡಾಯ ಎಂದು ಸುಪ್ರೀಂ ಕೋರ್ಟು ಎಂ.ಸಿ. ಮೆಹ್ತಾ ಪ್ರಕರಣದಲ್ಲಿ ಹೇಳಿದ್ದು 1991ರಲ್ಲಿ. ಕಾಡಂಚಿನ ಪ್ರತಿ ಶಾಲೆಗೆ ವರ್ಷಕ್ಕೆ ಒಂದು ಬೆಳಗ್ಗೆ, ಒಬ್ಬ ಗಾರ್ಡು, ಒಂದು ಸುರಕ್ಷಿತ ದಾರಿ. ನಾವು ಕೇಳುತ್ತಿರುವುದು ಇಷ್ಟೇ. ಆನೆ ಓಡಿಸಲು ನಮ್ಮ ಊರಿನವರ ಸಹಕಾರ ಕೇಳುವ ಇಲಾಖೆ, ಆ ಊರಿನ ಮಕ್ಕಳಿಗೆ ಒಂದು ಬೆಳಗ್ಗೆ ಕೊಟ್ಟರೆ ನಷ್ಟವಾಗುವುದಿಲ್ಲ. ಕಾಡನ್ನು ಬರೀ ಬೆಳೆ ತಿನ್ನುವ ಶತ್ರು ಎಂದು ತಿಳಿದು ಬೆಳೆದ ಹುಡುಗ ನಾಳೆ ಉರುಳು ಹಾಕುತ್ತಾನೆ, ಬೇಲಿಗೆ ಕರೆಂಟು ಕೊಡುತ್ತಾನೆ. ಕಾಡು ಉಳಿಯುವುದೂ ಅಳಿಯುವುದೂ ಈ ಮಕ್ಕಳ ಕೈಯಲ್ಲೇ ಇದೆ.

ಮೂರನೆಯ ಗುಂಪು ವಿಚಿತ್ರ. ಇವರು ನಮ್ಮ ಪರ! “ಸೂಪರ್ ಐಡಿಯಾ ಸಾರ್, ಬೆಟ್ಟದ ತುದಿಗೇ ಹತ್ತಿಸಿಬಿಡೋಣ, ಮೋಯಾರ್ ವರೆಗೂ ಇಳಿಸೋಣ, ಮಕ್ಕಳಿಗೆ ಧೈರ್ಯ ಬರುತ್ತೆ.” ಇವರಿಂದಲೂ ದೇವರೇ ಕಾಪಾಡಬೇಕು. ಕಾಡು ವ್ಯಾಯಾಮ ಶಾಲೆಯಲ್ಲ. ಹತ್ತು ಕಿಲೋಮೀಟರು ಓಡಿದ ಮಗುವಿಗೆ ನೆನಪಿರುವುದು ಕಾಲು ನೋವು ಮಾತ್ರ. ಎರಡು ಕಿಲೋಮೀಟರನ್ನು ಎರಡು ಗಂಟೆ ನಡೆದರೆ ಹುತ್ತ ಕಾಣುತ್ತದೆ, ಹುತ್ತವನ್ನು ಕರಡಿ ಕೆದಕಿದ್ದು ಕಾಣುತ್ತದೆ, ಕೆದಕಿದ ಮಣ್ಣಿನ ಮೇಲೆ ನವಿಲಿನ ಹೆಜ್ಜೆ ಕಾಣುತ್ತದೆ. ನಡಿಗೆ ಚಿಕ್ಕದಾಗಿರಬೇಕು, ಸುಲಭವಾಗಿರಬೇಕು ಅಂತ ನಾವು ಹಟ ಹಿಡಿಯುವುದು ಇದಕ್ಕೇ. ಕಾಲು ಊನವಾದ ಮಗುವೂ, ಉಬ್ಬಸ ಇರುವ ಮಗುವೂ ಹಿಂದೆ ಬೀಳದೆ ಬರುವಂತಿರಬೇಕು.

ಹಾಗಾದರೆ ಹೇಗೆ ಮಾಡುವುದು? ನಾವು ಬರೆದಿಟ್ಟುಕೊಂಡಿರುವುದು ಹೀಗಿದೆ. ಬೇಕಾದವರು ತಮ್ಮ ಶಾಲೆಗೆ ತಕ್ಕಂತೆ ಬದಲಿಸಿಕೊಳ್ಳಬಹುದು.

1. ದಾರಿ: ಹೋಗಿ ಬರುವುದು ಸೇರಿ 2 ಕಿ.ಮೀ. ಮೀರಬಾರದು. ಏರಿಳಿತ ಕಡಿಮೆ ಇದ್ದು, ಎರಡೂ ಕಡೆ ದೂರದವರೆಗೆ ಕಾಣುತ್ತಿರಬೇಕು. ಜೀಪು ದಾರಿ, ಬೆಂಕಿರೇಖೆ ಒಳ್ಳೆಯದು. ಲಂಟಾನ ಬೆಳೆದು ಗೋಡೆಯಾಗಿರುವ ಕಡೆ ಬೇಡವೇ ಬೇಡ. ಹತ್ತು ಅಡಿ ಆಚೆ ಆನೆ ನಿಂತಿದ್ದರೂ ಗೊತ್ತಾಗುವುದಿಲ್ಲ. ಕೆರೆ, ನೀರುಗುಂಡಿಯ ಕಡೆಗೆ ಹೋಗುವ ದಾರಿಯೂ ಬೇಡ. ಅದು ಪ್ರಾಣಿಗಳ ದಾರಿ. ಯಾವ ದಾರಿ ಎಂಬುದನ್ನು ಕೊನೆಗೆ ಹೇಳಬೇಕಾದವರು ಇಲಾಖೆಯವರು, ನಾವಲ್ಲ.

2. ಕಾಲ: ಪೊಂಗಲ್ ಕಳೆದ ಮೇಲೆ, ಜನವರಿ ಕೊನೆಯೊಳಗೆ. ಹಿಂಗಾರು ಮುಗಿದಿರುತ್ತದೆ, ಹಸಿರು ಇನ್ನೂ ಇರುತ್ತದೆ. ಫೆಬ್ರವರಿ ದಾಟಿದರೆ ಬೆಂಕಿಯ ಕಾಲ. ಬೆಳಗ್ಗೆ 8ಕ್ಕೆ ಹೊರಟು 10.30ರೊಳಗೆ ಹೊರಗೆ ಬಂದುಬಿಡಬೇಕು. ಮಂಜು ಕವಿದಿದ್ದರೆ ಅದು ಕರಗುವವರೆಗೆ ಕಾಯಬೇಕು.

3. ಎಷ್ಟು ಮಂದಿ: ಒಂದು ಸಲಕ್ಕೆ 15 ಮಕ್ಕಳು, ಇಬ್ಬರು ಶಿಕ್ಷಕರು, ಇಲಾಖೆಯ ಗಾರ್ಡು ಅಥವಾ ವಾಚರು, ಹಾಡಿಯ ಒಬ್ಬ ಹಿರಿಯರು. ತರಗತಿಯಲ್ಲಿ 45 ಮಕ್ಕಳಿದ್ದರೆ ಮೂರು ದಿನ ಹೋಗಬೇಕು. ಎಲ್ಲರನ್ನೂ ಒಂದೇ ದಿನ ಮುಗಿಸುವ ಆತುರ ಬೇಡ.

4. ಬಟ್ಟೆ, ಬುತ್ತಿ: ಬಿಳಿ, ಕೆಂಪು ಬೇಡ. ಮಾಸಲು ಬಣ್ಣದ ಹಳೆ ಬಟ್ಟೆ, ಕಾಲಿಗೆ ಶೂ. ಸೆಂಟು, ಪೌಡರು ಬೇಡ. ನೀರು ಮನೆಯ ಬಾಟಲಿಯಲ್ಲಿ. ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್ಕನ್ನು ನಮ್ಮ ರಾಜ್ಯದಲ್ಲಿ 2019ರ ಜನವರಿ 1ರಿಂದಲೇ ನಿಷೇಧಿಸಿದ್ದಾರೆ, ನೆನಪಿರಲಿ. ಬುತ್ತಿ ಬಿಚ್ಚುವುದು ಕಾಡಿನಿಂದ ಹೊರಗೆ ಬಂದ ಮೇಲೆ.

5. ಕಾಗದ: ಇಲಾಖೆಯ ಅನುಮತಿ ಪತ್ರ, ಪೋಷಕರ ಸಹಿ, ಪ್ರಥಮ ಚಿಕಿತ್ಸೆ ಪೆಟ್ಟಿಗೆ, ದಾರಿಯ ಕೊನೆಯಲ್ಲಿ ನಿಂತಿರುವ ಒಂದು ವಾಹನ. ಇದರಲ್ಲಿ ಒಂದು ಇಲ್ಲದಿದ್ದರೂ ಹೊರಡಬಾರದು.

6. ಹಿಂತಿರುಗುವ ನಿಯಮ: ಮುಂದೆ ನಡೆಯುವ ವಾಚರು ಕೈ ಎತ್ತಿದರೆ ಎಲ್ಲರೂ ನಿಲ್ಲಬೇಕು. ವಾಪಸ್ ಅಂದರೆ ವಾಪಸ್. ಅಲ್ಲಿ ಹೆಡ್‌ಮಾಸ್ಟರ ಮಾತೂ ನಡೆಯುವುದಿಲ್ಲ.

ಈಗ ನಮ್ಮ ಮುಖ್ಯ ಮಾತಿಗೆ ಬರುತ್ತೇವೆ. ಈ ನಡಿಗೆಯಲ್ಲಿ ಮೇಷ್ಟ್ರು ಯಾರು? ನಾವಂತೂ ಅಲ್ಲ. ನಮ್ಮಲ್ಲಿ ಬಹುಪಾಲು ಶಿಕ್ಷಕರಿಗೆ ಮತ್ತಿಗೂ ದಿಂಡಿಗಕ್ಕೂ ವ್ಯತ್ಯಾಸ ಗೊತ್ತಿಲ್ಲ ಎಂದು ಒಪ್ಪಿಕೊಳ್ಳೋಣ. ಗೊತ್ತಿರುವವರು ಊರಾಳಿಗಳು, ಸೋಲಿಗರು. ಬೇಜಲಟ್ಟಿ, ತಡಸಲಟ್ಟಿ, ಇಟ್ಟರೆ, ರಾಮರಣೆ ಕಡೆಯ ಅಜ್ಜ ಅಜ್ಜಿಯರು. ಯಾವ ಮರದ ತೊಗಟೆ ಗಾಯಕ್ಕೆ, ಯಾವ ಗೆಡ್ಡೆ ಬರಗಾಲಕ್ಕೆ, ಜೇನು ಯಾವ ಹೂವಿನ ಹಿಂದೆ ಬರುತ್ತದೆ, ಎಲ್ಲ ಅವರಿಗೆ ಬಾಯಿಪಾಠ. ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ 2011ರಲ್ಲಿ, ಅದು ಹುಲಿ ಸಂರಕ್ಷಿತ ಪ್ರದೇಶವಾದ ವರ್ಷವೇ, ಅರಣ್ಯ ಹಕ್ಕು ಕಾಯ್ದೆಯಡಿ ಸಮುದಾಯ ಹಕ್ಕು ಸಿಕ್ಕಿತು. ಹುಲಿಯೂ ಮನುಷ್ಯನೂ ಒಟ್ಟಿಗೆ ಬಾಳಿದ ನೆಲ ಅದು ಎಂದು ಸರ್ಕಾರವೇ ಒಪ್ಪಿತು. ಅಂಥ ಬಂಧುಗಳೇ ನಮ್ಮ ಕಡೆಯ ಹಾಡಿಗಳಲ್ಲೂ ಇದ್ದಾರೆ. ತೇಜಸ್ವಿಯವರ ‘ಕರ್ವಾಲೊ’ ಓದಿದವರಿಗೆ ಮಂದಣ್ಣ ನೆನಪಿರಬೇಕು. ದೊಡ್ಡ ವಿಜ್ಞಾನಿ ಓದು ಬರಹ ಸರಿಯಾಗಿ ಬಾರದ ಹಳ್ಳಿಯವನ ಹಿಂದೆ ಕಾಡಿಗೆ ಹೋಗುತ್ತಾರೆ. ನಾವು ಆ ಪುಸ್ತಕವನ್ನು ಹೊಗಳಿ ಭಾಷಣ ಮಾಡುತ್ತೇವೆ, ನಮ್ಮ ಮಂದಣ್ಣನನ್ನು ಮಾತ್ರ ಕೊನೆಯ ಬೆಂಚಿನಲ್ಲಿ ಕೂರಿಸುತ್ತೇವೆ.

ಆ ಹಿರಿಯರನ್ನು ಸುಮ್ಮನೆ ಕರೆಯಬಾರದು. ಬಸ್ಸಿಗೆ ಕೊಡುವ ದುಡ್ಡಿನಲ್ಲಿ ಸ್ವಲ್ಪ ಭಾಗವನ್ನು ಅವರಿಗೆ ಗೌರವಧನವಾಗಿ ಕೊಡಬೇಕು, ಮಕ್ಕಳ ಎದುರಿಗೇ ಕೊಡಬೇಕು. ಹೆಸರುಗಳನ್ನು ಅವರು ಹೇಳಿದ ಹಾಗೆಯೇ ಬರೆದುಕೊಳ್ಳಬೇಕು. ನಮ್ಮ ಪಠ್ಯಪುಸ್ತಕದ ಕನ್ನಡ ತಮಿಳಿನಿಂದ ಬಂದ ಕನ್ನಡ. ಅದರಲ್ಲಿ ತಾಳಮಲೆಯ ಮರಕ್ಕೆ ಹೆಸರಿಲ್ಲ. ಆ ಹೆಸರುಗಳು ಅಜ್ಜಿಯರ ಬಾಯಲ್ಲಿ ಮಾತ್ರ ಇವೆ. ಅಜ್ಜಿ ಹೋದರೆ ಹೆಸರೂ ಹೋಯಿತು. ಕನ್ನಡ ಉಳಿಸಿ ಎಂದು ರಾಜ್ಯೋತ್ಸವದ ದಿನ ಕೂಗುವ ನಾವು ಈ ಕನ್ನಡವನ್ನು ಉಳಿಸಲು ಏನು ಮಾಡಿದ್ದೇವೆ?

ಹೋದ ವರ್ಷ ಹನ್ನೆರಡು ಮಕ್ಕಳ ಜೊತೆ ಒಂದು ಸಲ ಹೀಗೆ ಹೋಗಿ ಬಂದೆವು. ಅದನ್ನು ಹೇಳಿ ಮುಗಿಸುತ್ತೇವೆ. ಹುಲಿ ಕಾಣಲಿಲ್ಲ, ಆನೆ ಕಾಣಲಿಲ್ಲ, ಜಿಂಕೆಯ ಬಾಲವೂ ಕಾಣಲಿಲ್ಲ. ಆದರೆ ಮಣ್ಣುದಾರಿಯ ಒಂದು ಕಡೆ ಆನೆಯ ಮುಂಗಾಲಿನ ಗುರುತು ಅಚ್ಚು ಒತ್ತಿದ ಹಾಗೆ ಇತ್ತು. ಮುಂಗಾಲಿನ ಸುತ್ತಳತೆಯ ಎರಡರಷ್ಟು ಆನೆಯ ಹೆಗಲೆತ್ತರ ಎಂಬುದು ಕಾಡು ಬಲ್ಲವರ ಹಳೆಯ ಲೆಕ್ಕ. ಹೆಣ್ಣುಮಕ್ಕಳು ಜಡೆಯ ರಿಬ್ಬನ್ ಬಿಚ್ಚಿ ಅಳತೆ ತೆಗೆದರು, ಸ್ಕೇಲಿಗೆ ಹಿಡಿದರು. 128 ಸೆಂಟಿಮೀಟರು. ಎರಡರಿಂದ ಗುಣಿಸಿದರೆ 256. ಹೆಚ್ಚು ಕಡಿಮೆ ಎಂಟೂವರೆ ಅಡಿ! ಎಲ್ಲರೂ ತಲೆ ಎತ್ತಿ, ಅಲ್ಲಿ ಆನೆ ನಿಂತೇ ಇದೆ ಎನ್ನುವ ಹಾಗೆ ಗಾಳಿಯನ್ನು ನೋಡಿದರು. ಗಣಿತದ ತರಗತಿಯಲ್ಲಿ ಅಂಥ ಮೌನವನ್ನು ನಾವು ಕಂಡಿಲ್ಲ.

ಕೊನೆಯ ಬೆಂಚಿನ ಹುಡುಗ ಲದ್ದಿಯನ್ನು ಕಡ್ಡಿಯಿಂದ ಬಿಡಿಸಿ ನೋಡಿ ಹೇಳಿದ, “ಇದು ನೆನ್ನ ರಾತ್ರದು ಕನ ಸಾ. ಮ್ಯಾಲ ಒಣಗದ, ಒಳಗ ಇನ್ನೂ ಹಸಿ ಅದ.” ಜೊತೆಗಿದ್ದ ಅಜ್ಜ ತಲೆಯಾಡಿಸಿದರು. ಇನ್ನೂರು ಹೆಜ್ಜೆ ಮುಂದೆ ಹೋದ ವಾಚರು ಗಾಳಿ ಮೂಸಿ ಕೈ ಎತ್ತಿದರು. ಏನು ಎತ್ತ ಎಂದು ಯಾರೂ ಕೇಳಲಿಲ್ಲ, ಸದ್ದಿಲ್ಲದೆ ತಿರುಗಿದೆವು. ಅಂದುಕೊಂಡ ದಾರಿಯಲ್ಲಿ ಅರ್ಧವೂ ಮುಗಿದಿರಲಿಲ್ಲ. ಒಂದು ಮಗುವೂ ‘ಅಯ್ಯೋ’ ಅನ್ನಲಿಲ್ಲ. ಹೊರಗೆ ಬಂದು ಬುತ್ತಿ ಬಿಚ್ಚಿದಾಗ ಎಲ್ಲರೂ ಆ ಹುಡುಗನ ಸುತ್ತ ಕೂತಿದ್ದರು. ಮಾರನೆಯ ದಿನ ಅವನು ಎರಡನೇ ಬೆಂಚಿಗೆ ತಾನೇ ಬಂದು ಕೂತ. ನಾವು ಏನೂ ಹೇಳಿರಲಿಲ್ಲ.

ಇದಕ್ಕಿಂತ ದೊಡ್ಡ ಶೈಕ್ಷಣಿಕ ಪ್ರವಾಸ ಯಾವುದಿದೆ, ನೀವೇ ಹೇಳಿ. ಮೈಸೂರಿಗೂ ಹೋಗಲಿ, ಬೇಡ ಅನ್ನುವುದಿಲ್ಲ. ಆದರೆ ಮೊದಲು ನಮ್ಮ ಕಾಡು, ಆಮೇಲೆ ಝೂ. ಇದು ತಾಳವಾಡಿಗೆ ಮಾತ್ರ ಹೇಳುವ ಮಾತಲ್ಲ. ಕಾಸರಗೋಡಿನ ಕನ್ನಡ ಶಾಲೆಗಳಿಗೆ ರಾಣಿಪುರಂ ಬೆಟ್ಟವಿದೆ. ಹೊಸೂರು ಕಡೆಯವರಿಗೆ 2014ರಲ್ಲಿ ಘೋಷಿಸಿದ ಕಾವೇರಿ ಉತ್ತರ ವನ್ಯಜೀವಿಧಾಮವಿದೆ. ಅಕ್ಕಲಕೋಟೆಯವರಿಗೆ ಸೊಲ್ಲಾಪುರದ ನಾನ್ನಜ್ ಹುಲ್ಲುಗಾವಲಿದೆ. ಗಡಿ ಎಳೆದವರು ನಮ್ಮನ್ನು ಆ ಕಡೆ ಈ ಕಡೆ ಮಾಡಿದರು, ಕಾಡನ್ನು ಯಾರೂ ನಮ್ಮಿಂದ ಕಿತ್ತುಕೊಂಡಿಲ್ಲ. ನಾವೇ ಬಿಟ್ಟುಕೊಡುತ್ತಿದ್ದೇವೆ.

ಸೋಮವಾರ ಮತ್ತೆ ಮೀಟಿಂಗ್ ಇದೆ. ಅನುಮತಿ ಕೋರುವ ಪತ್ರ ತಮಿಳಿನಲ್ಲಿ ಒಂದು, ಕನ್ನಡದಲ್ಲಿ ಒಂದು ಬರೆದು ಇಟ್ಟುಕೊಂಡಿದ್ದೇವೆ. ನಗುವವರು ಇನ್ನೊಮ್ಮೆ ನಗಲಿ, ಆಮೇಲೆ ಸಹಿ ಹಾಕಲಿ. ನಿಮ್ಮ ಶಾಲೆಯಲ್ಲಿ ಈ ವರ್ಷದ ಟೂರು ಎಲ್ಲಿಗೆ?